ಗಂಜಿ ಕುಡಿದ ಕರು

ಮೊಮ್ಮಕ್ಕಳೇ, ನೀವು ಕೂಸಾಗಿದ್ದಾಗ ತೊಟ್ಟಿಲಲ್ಲಿ ಅತ್ತರೆ ನಿಮ್ಮಮ್ಮ ಒಲೆಯ ಮೇಲಿನದನ್ನು ಬಿಟ್ಟು ಓಡಿಬರುತ್ತಿದ್ದಳು. ನಾನು ಕೂತಲ್ಲೇ ಕೂತಿರುತ್ತಿದ್ದೆ. ನಮ್ಮಮ್ಮಂದು ಕಲ್ಲು ಮನಸ್ಸು ಎಂದು ಅವಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ನಾನು ಅದಕ್ಕೆ ಉತ್ತರ ಹೇಳಿದವಳಲ್ಲ. ನನಗೆ ಮೊದಲಿನಿಂದಲೂ ಬಾಯಿ ಕಡಿಮೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕಲಿತ ಮೌನ ದೊಡ್ಡ ದೊಡ್ಡ ಸಭೆಗಳಲ್ಲೂ ನನ್ನನ್ನು ಬಿಡಲಿಲ್ಲ. ಬರೆಯುವುದಾದರೆ ಸ್ವಲ್ಪ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮಗು ಜೋರಾಗಿ ಅತ್ತರೆ ನನಗೆ ಸಮಾಧಾನವಾಗುತ್ತದೆ. ಹಾಗಾದದ್ದು ಗೊರೂರಿನ ಆಚೆಯ ಒಂದು ಮನೆಯಿಂದ.

ಮೈಸೂರಿನಿಂದ ನಡೆಯುತ್ತಿದ್ದ ಒಂದು ಅಧ್ಯಯನದಲ್ಲಿ ನನ್ನ ಕೆಲಸ ತಾಯಂದಿರ ಎದೆಹಾಲು ಅಳೆಯುವುದು. ಹೀಗೆಂದರೆ ಜನ ನಗುತ್ತಾರೆ. ಮಗುವಿಗೆ ಹಾಲು ಕುಡಿಸುವ ಮುಂಚೆ ಒಮ್ಮೆ ತೂಗಬೇಕು. ಕುಡಿಸಿದ ಮೇಲೆ ಅದೇ ಬಟ್ಟೆಯಲ್ಲಿ ಮತ್ತೆ ತೂಗಬೇಕು. ನಡುವೆ ಬಟ್ಟೆ ಒದ್ದೆಯಾದರೂ ಬದಲಿಸುವಂತಿಲ್ಲ. ಎರಡು ತೂಕಗಳ ವ್ಯತ್ಯಾಸವೇ ಮಗು ಕುಡಿದ ಹಾಲು. ದಿನವಿಡೀ ಆ ಮನೆಯಲ್ಲಿ ಕೂತು ಪ್ರತಿ ಸಲವೂ ಹೀಗೆ ಮಾಡಬೇಕು. ಆಮೇಲೆ ತಾಯಿ ಒಂದಿಷ್ಟು ಹಾಲನ್ನು ಸಣ್ಣ ಕೊಳವೆಗೆ ಹಿಂಡಿ ಕೊಡುತ್ತಾಳೆ. ಅದನ್ನು ಐಸಿನ ಡಬ್ಬದಲ್ಲಿಟ್ಟು ಬಸ್ಸಿನಲ್ಲಿ ಹಾಸನಕ್ಕೆ ತಂದು ಯಂತ್ರಕ್ಕೆ ಕೊಡಬೇಕು. ಕೊಬ್ಬು ಎಷ್ಟು, ಸಕ್ಕರೆ ಎಷ್ಟು, ಪ್ರೋಟೀನು ಎಷ್ಟು ಎಂದು ಯಂತ್ರ ಹೇಳುತ್ತದೆ. ತಾಯಿ ಏನೇನು ಉಂಡಳು ಎಂದು ಕೇಳಿ ಕಂಪ್ಯೂಟರಿಗೆ ಹಾಕುವುದು ಕೊನೆಯ ಕೆಲಸ. ನಾವು ನೋಡಬೇಕು, ಅಳೆಯಬೇಕು, ಮನೆಯವರ ಪದ್ಧತಿಯಲ್ಲಿ ಕೈ ಹಾಕಬಾರದು. ಅದು ಆ ಅಧ್ಯಯನದ ಮೊದಲ ನಿಯಮ.

ಹೊಳೆನರಸೀಪುರದ ಕಡೆ, ಚನ್ನರಾಯಪಟ್ಟಣದ ಕಡೆ ಒಂದಷ್ಟು ಹಳ್ಳಿ ಮುಗಿಸಿ ಅರಕಲಗೂಡಿನ ಕಡೆಗೆ ಬಂದಿದ್ದೆವು. ಗೊರೂರಿನಲ್ಲಿ ಬಸ್ಸಿಳಿದು, ನಾಲೆಯ ಏರಿಯ ಮೇಲೆ ಒಳಗೆ ನಡೆಯಬೇಕಾದ ಹಳ್ಳಿ. ಜೊತೆಗೆ ಆ ಊರಿನ ಆಶಾ ಕಾರ್ಯಕರ್ತೆ ಇದ್ದಳು. ಗರ್ಭಿಣಿ, ಬಾಣಂತಿಯರ ಲೆಕ್ಕವೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಇಬ್ಬರ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು. ಅವತ್ತು ಮಾತ್ರ ಏರಿಯ ತುದಿ ಬಂದಾಗ ನಿಂತುಬಿಟ್ಟಳು.

"ಮೇಡಮ್ಮ, ಈ ಮನೆ ಬ್ಯಾಡ ಅಂದ್ರೆ ಈಗ್ಲೇ ಏಳ್ಬುಡಿ. ಬ್ಯಾರೆ ಬಾಣಂತಿ ತೋರುಸ್ತೀನಿ."

ಯಾಕೆಂದು ಕೇಳಿದೆ. ಆ ಮನೆಯ ಸೊಸೆಗೆ ಇದು ಮೂರನೇ ಕೂಸು ಎಂದಳು. ಮೊದಲಿನ ಎರಡೂ ಮೂರನೇ ತಿಂಗಳಿನಲ್ಲೇ ಹೋಗಿದ್ದವು. ಸೊರಗಿದ ಕೂಸುಗಳಲ್ಲ, ಗುಂಡುಗುಂಡಾಗಿದ್ದವು. ಇದ್ದಕ್ಕಿದ್ದಂತೆ ಗಂಟಲು ಕಟ್ಟಿತಂತೆ, ವಾಂತಿ ಆಯಿತಂತೆ, ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಮೈ ನೀಲಿಯಾಯಿತಂತೆ. ಆ ಹುಡುಗಿಯ ಹಾಲಿನಲ್ಲೇ ದೋಷ ಇದೆ ಎಂದು ಊರೆಲ್ಲ ಹೇಳುತ್ತಿತ್ತು. ಈ ಮೂರನೆಯದಕ್ಕೆ ಇನ್ನೂ ಹೆಸರೇ ಇಟ್ಟಿರಲಿಲ್ಲ. ಹೆಸರಿಟ್ಟರೆ ಕರೆಸಿಕೊಳ್ಳುವ ಯಮನಿಗೂ ಗೊತ್ತಾಗುತ್ತದಲ್ಲ ಎಂದು, ಮೂರು ತಿಂಗಳು ದಾಟುವವರೆಗೆ "ಗುಂಡ" ಎಂದು ಕಲ್ಲನ್ನು ಕರೆದ ಹಾಗೆ ಕರೆಯುತ್ತಿದ್ದರು.

ಬೇಡ ಎನ್ನಬಹುದಿತ್ತು. ಹಾಲಿಗೆ ದೋಷ ಎಂಬ ಮಾತನ್ನು ಕೇಳಿಕೊಂಡು ಹಿಂದಕ್ಕೆ ಹೋಗುವುದು ನನ್ನಿಂದ ಆಗಲಿಲ್ಲ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ನನ್ನ ವಯಸ್ಸಿನವರೇ, ಹಣೆಗೆ ವಿಭೂತಿ. ಅವರ ಕಣ್ಣು ನೇರವಾಗಿ ನನ್ನ ಬೋಳು ಹಣೆಗೆ ಬಂತು. ಗಂಡನಿಲ್ಲದವಳನ್ನು ಬಾಣಂತಿ ಕೋಣೆಗೆ ಬಿಡದ ಮನೆಗಳನ್ನು ನಾನು ಕಂಡಿದ್ದೆ. ಅಂಥ ಕಡೆ ಹೊರಗೆ ಜಗಲಿಯ ಮೇಲೆ ತಕ್ಕಡಿ ಇಟ್ಟುಕೊಂಡು ಕೂರುತ್ತಿದ್ದೆ. ಈಕೆ ಒಳಗೆ ಹೋಗಿ ವಿಭೂತಿಯ ಗಟ್ಟಿ ತಂದು, ನನ್ನ ಹಣೆಗೂ ಮೂರು ಬೆರಳಿನಲ್ಲಿ ಎಳೆದು, "ನಾನೂ ನಿನ್ನಂಗೇ ಕಣವ್ವ, ಬಾ ಒಳಕ್ಕೆ" ಅಂದರು.

ತಕ್ಕಡಿ ಕಂಡ ಮೇಲೆ ಮುಖ ಬದಲಾಯಿತು. ಕೂಸನ್ನು ತೂಗಿದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ ಎಂಬ ಭಯ ಆ ಕಡೆ ಇದೆ.

"ತಕ್ಕಡೀಲಿ ಮಡುಗಕ್ಕೆ ಇದೇನ್ ಆಲೂಗೆಡ್ಡೆನಾ?" ಅಂದರು.

"ಆಲೂಗೆಡ್ಡೆಗೆ ಇಷ್ಟು ಚೆಂದದ ತಕ್ಕಡಿ ಯಾರ್ ತತ್ತಾರಕ್ಕ," ಎಂದಳು ಆಶಾ ಕಾರ್ಯಕರ್ತೆ.

ಕೊನೆಗೆ ಒಂದು ದಾರಿ ಸಿಕ್ಕಿತು. ತಕ್ಕಡಿಯ ಮೇಲೆ ಮನೆಯ ಮೊರ ಇಟ್ಟೆವು. ಅತ್ತೆ ಅದರಲ್ಲಿ ಒಂದು ಚೂರು ಇದ್ದಿಲು, ಒಂದು ಒಣಮೆಣಸಿನಕಾಯಿ ಹಾಕಿದರು. ಅಷ್ಟನ್ನೂ ಸೊನ್ನೆಗೆ ತಂದುಕೊಂಡು ಆಮೇಲೆ ಕೂಸನ್ನು ಮಲಗಿಸಿದೆ. ಅಷ್ಟು ಹೊತ್ತಿಗೆ ಆ ಮನೆಯ ಮಗ ಬಂದ. ಹಳ್ಳಿಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಡೈರಿಗೆ ಬಿಡುವ ಗೂಡ್ಸ್ ಆಟೋ ಅವನದು. ಡೈರಿಯಲ್ಲಿ ಹಸುವಿನ ಹಾಲಿನ ಡಿಗ್ರಿ ನೋಡುತ್ತಾರೆ, ಇಲ್ಲಿ ನೀವು ಇವಳದ್ದು ನೋಡುತ್ತೀರಿ, ಕಮ್ಮಿ ಬಂದರೆ ಮಾತ್ರ ಕ್ಯಾನು ವಾಪಸ್ ಕಳಿಸಬೇಡಿ ಎಂದ. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಇಪ್ಪತ್ತರ ಆಸುಪಾಸಿನ ಹುಡುಗಿ, ತಾಯಿಯಿಲ್ಲದವಳು. ಅದಕ್ಕೇ ತವರಿಗೆ ಹೋಗದೆ ಅತ್ತೆಯ ಕೈಯಲ್ಲೇ ಮೂರೂ ಬಾಣಂತನ. ಆ ಮನೆಯಲ್ಲಿ ಆಮೇಲೆ ಬಹಳ ಕಾಲ ನಗು ಕೇಳಲಿಲ್ಲ.

ತೂಕ ಚೆನ್ನಾಗಿತ್ತು. ಹಾಲು ಬೇಕಾದಷ್ಟಿತ್ತು. ಯಂತ್ರವೂ ಕೊಬ್ಬು ಸರಿ, ಪ್ರೋಟೀನು ಸರಿ ಎಂದಿತು. ಮುಂದಿನ ಸಲ ಹೋದಾಗ ಆ ಮಾತನ್ನು ಸಂತೋಷದಿಂದಲೇ ಹೇಳಿದೆ. ಹಾಲಿನಲ್ಲಿ ಯಾವ ದೋಷವೂ ಇಲ್ಲಮ್ಮ, ಧೈರ್ಯವಾಗಿ ಕುಡಿಸು ಎಂದೆ. ಸೊಸೆ ಕಣ್ಣೊರೆಸಿಕೊಂಡಳು. ಅತ್ತೆ ಮಾತ್ರ ತೊಟ್ಟಿಲ ಕಡೆ ನೋಡುತ್ತ ಹೇಳಿದರು.

"ಮೊದಲ್ನೆರಡ್ಕೂ ನಾನು ಎಲೆ ಮ್ಯಾಲೆ ಒಂದ್ ತೊಟ್ಟು ಬುಟ್ಟು ಇರುವೆ ಆಕಿ ನೋಡಿದ್ದೆ ಕಣವ್ವ. ಇರುವೆ ಸಾಯ್ನಿಲ್ಲ. ಆಗ್ಲೂ ಚೆನ್ನಾಗೈತೆ ಅಂತ್ಲೇ ಬಂದಿತ್ತು."

ಇರುವೆಯೂ ಯಂತ್ರವೂ ಒಂದೇ ಮಾತು ಹೇಳಿದ್ದವು. ಆ ದಿನ ಬಸ್ಸಿನಲ್ಲಿ ಐಸಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬರುವಾಗ ಅದು ಮನಸ್ಸಿನಿಂದ ಹೋಗಲಿಲ್ಲ. ಯಂತ್ರ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ನಾವು ಏನು ಕೇಳಿರಲಿಲ್ಲ?

ಮೂರನೇ ತಿಂಗಳು ಹತ್ತಿರ ಬಂದ ಹಾಗೆ ಆ ಮನೆಯ ಗಾಳಿಯೇ ಬಿಗಿಯಾಯಿತು. ಹಗಲಲ್ಲೂ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆಶಾ ಕಾರ್ಯಕರ್ತೆ ಕೂಡ ಹೊಸ್ತಿಲ ಹೊರಗೆ ಚಪ್ಪಲಿಯ ಜೊತೆ ಬಾಯನ್ನೂ ಬಿಟ್ಟು ಬರುತ್ತಿದ್ದಳು. ಆ ಸಲ ಕೂಸಿನ ಅಳು ಸ್ವಲ್ಪ ಒಡೆದ ಹಾಗಿತ್ತು. ಶೀತ ಎಂದರು, ಓಮದ ಹೊಗೆ ಹಾಕಿದ್ದೇವೆ ಎಂದರು. ಸೊಸೆ ನೆಲದಿಂದ ಏಳುವಾಗ ಗೋಡೆ ಹಿಡಿದುಕೊಂಡಳು. ಕಾಲು ಜೋಮು ಹಿಡಿದ ಹಾಗೆ ಆಗುತ್ತದೆ ಅಕ್ಕ, ಚಪ್ಪಲಿ ಜಾರಿದರೂ ತಿಳಿಯುವುದಿಲ್ಲ ಎಂದಳು. ಬಾಣಂತಿ, ಮಲಗಿದ್ದು ಮಲಗಿದ್ದು ಹೀಗಾಗಿದೆ ಎಂದುಕೊಂಡೆ. ತಕ್ಕಡಿಯಂತೂ ಒಳ್ಳೆಯದನ್ನೇ ಹೇಳುತ್ತಿತ್ತು. ತೂಕ ಏರಿತ್ತು, ಎಣಿಸಿದ್ದಕ್ಕಿಂತ ಹೆಚ್ಚೇ ಏರಿತ್ತು. ಕೂಸಿನ ಮುಖ ದುಂಡಗಾಗಿತ್ತು. ದೃಷ್ಟಿಗೆಂದು ಮಣಿಕಟ್ಟಿಗೆ ಕಟ್ಟಿದ್ದ ಕರಿದಾರ ಚರ್ಮದೊಳಗೆ ಹೂತ ಹಾಗೆ ಕಾಣುತ್ತಿತ್ತು. ದಾರ ಸಡಿಲ ಮಾಡಿ ಎಂದು ಹೇಳಿ ಬಂದೆ. ಮೈಗೆ ಹಿಡಿದದ್ದು ಹಾಲೋ ನೀರೋ ಎಂದು ತಕ್ಕಡಿಗೆ ಗೊತ್ತಾಗುವುದಿಲ್ಲ.

ನಮ್ಮ ಕ್ರಮದಲ್ಲಿ ಒಂದು ದಿನ ಅಡುಗೆ ತೂಗುವುದಕ್ಕೆ ಇರುತ್ತದೆ. ಅಷ್ಟರವರೆಗೆ ತಾಯಿ ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ಆ ದಿನ ಮಾತ್ರ ಒಲೆಯ ಪಕ್ಕ ಕೂತು, ಬೇಯಿಸುವ ಮುಂಚೆ ಎಷ್ಟು, ತಟ್ಟೆಗೆ ಬಡಿಸಿದ್ದೆಷ್ಟು, ಉಳಿದದ್ದೆಷ್ಟು ಎಂದು ತೂಗುತ್ತೇವೆ. ನಾನು ಬೆಳಗಿನ ಬಸ್ಸಿಗೇ ಹೋದೆ.

ಅತ್ತೆ ಒಂದು ಒಲೆಯಲ್ಲಿ ಮನೆಮಂದಿಗೆ ಮುದ್ದೆ, ಸೊಪ್ಪಿನ ಸಾರು ಇಟ್ಟಿದ್ದರು. ಇನ್ನೊಂದು ಒಲೆ ಬಾಣಂತಿಗೆ. ಅವಳಿಗೆಂದು ಮಗ ಹಾಸನದಿಂದ ಹಳೇ ಅಕ್ಕಿ ತಂದಿದ್ದ, ಮಲ್ಲಿಗೆ ಮೊಗ್ಗಿನ ಹಾಗೆ ಬಿಳಿ, ಚೆನ್ನಾಗಿ ಪಾಲಿಶ್ ಆದದ್ದು. ತೂಗಿ ಕೊಟ್ಟೆ. ಅತ್ತೆ ಅದಕ್ಕೆ ನೀರು ಹಾಕಿ, ಎರಡೂ ಅಂಗೈ ನಡುವೆ ಉಜ್ಜಿ ಉಜ್ಜಿ ತೊಳೆದರು. ಬಿಳಿ ನೀರನ್ನು ಕಲಗಚ್ಚಿನ ಮಡಕೆಗೆ ಸುರಿದರು. ದನಕ್ಕೆ ಇಡುವ ಮಡಕೆ ಅದು. ಮತ್ತೆ ನೀರು, ಮತ್ತೆ ಉಜ್ಜುವುದು. ನೀರು ಬಾವಿಯ ನೀರಿನ ಹಾಗೆ ತಿಳಿಯಾಗುವವರೆಗೆ ಬಿಡಲಿಲ್ಲ. ಆಮೇಲೆ ದೊಡ್ಡ ಪಾತ್ರೆ ತುಂಬ ನೀರಿನಲ್ಲಿ ಬೇಯಿಸಿ, ತಟ್ಟೆ ಮುಚ್ಚಿ, ವಾರೆಯಾಗಿಸಿ ಗಂಜಿ ಬಸಿದರು. ತೊಟ್ಟು ಉಳಿಯಬಾರದು, ಗಂಜಿ ಉಳಿದರೆ ಬಾಣಂತಿಗೆ ಬಾವು ಬರುತ್ತದೆ ಎಂದರು. ಆ ಗಂಜಿಗೆ ಒಂದು ಹಿಡಿ ತೌಡು ಕಲಸಿ ಕೊಟ್ಟಿಗೆಗೆ ತೆಗೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಅಲ್ಲಿ ಒಂದು ಹೆಣ್ಣುಗರು, ಕೂಸಿನ ಓರಗೆಯದೇ. ಮೈ ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು. ಪಾತ್ರೆ ಕಂಡದ್ದೇ ಹಗ್ಗ ಕೀಳುವ ಹಾಗೆ ಎಗರಿತು.

ತಟ್ಟೆಗೆ ಬಂದದ್ದು ಆ ಅನ್ನ, ಮೆಣಸಿನ ಸಾರು, ತುಪ್ಪ, ಹುರಿದ ಬೆಳ್ಳುಳ್ಳಿ. ಇಷ್ಟೇನಾ ಎಂದು ಕೇಳಿದೆ. ನಾನು ಕೇಳಿದ್ದರಲ್ಲಿ ಟೀಕೆ ಇರಲಿಲ್ಲ, ಅವರು ಹೇಳಿದ್ದರಲ್ಲಿ ಮುಚ್ಚುಮರೆಯೂ ಇರಲಿಲ್ಲ. ಮೊದಲನೆಯ ಕೂಸಿನ ಬಾಣಂತನದಲ್ಲಿ ಬೇಳೆ ಕೊಟ್ಟಿದ್ದರಂತೆ. ಅದು ಹೋದ ಮೇಲೆ, ಬೇಳೆಯ ವಾಯುವೇ ಕೂಸಿಗೆ ಆಯಿತೇನೋ ಎಂದು ಎರಡನೆಯದಕ್ಕೆ ಬೇಳೆ ಬಿಡಿಸಿದರು. ಎರಡನೆಯದೂ ಹೋಯಿತು. ಈ ಸಲ ಸೊಪ್ಪು, ತರಕಾರಿ, ಹಾಲು ಎಲ್ಲ ಬಿಡಿಸಿದ್ದರು. ರಾಗಿಯಂತೂ ತಂಪು, ಮೊದಲಿನಿಂದಲೇ ಇಲ್ಲ. ತಾವು ಬರೀ ಮುದ್ದೆ ನುಂಗಿ, ಅವಳಿಗೆ ಮಾತ್ರ ಅಷ್ಟು ದುಬಾರಿ ಅಕ್ಕಿ. ಊಟವಾದ ಮೇಲೆ ಅರಗಲಿ ಎಂದು ಎಲೆ ಅಡಿಕೆ ತಾವೇ ಮಡಿಸಿ ಬಾಯಿಗಿಟ್ಟರು.

"ತಾಯಿಲ್ದ ಕೂಸು ಕಣವ್ವ. ನಾನ್ ಅಳ್ತೆ ತಪ್ಪುದ್ರೆ ಯಾರ್ ನೋಡ್ತರೆ."

ಒಂದೊಂದು ಸಾವಿಗೂ ಪಥ್ಯ ಒಂದೊಂದು ಸುತ್ತು ಬಿಗಿಯಾಗಿತ್ತು. ಅಷ್ಟು ಕಂಡರೂ ನನಗೆ ತಕ್ಷಣ ಹೊಳೆಯಲಿಲ್ಲ. ಏನೋ ತಪ್ಪಿದೆ ಎಂಬ ಕಸಿವಿಸಿ ಮಾತ್ರ ಇತ್ತು. ಕಂಪ್ಯೂಟರಿಗೆ ನಾನು ಪ್ರತಿ ಸಲವೂ "ಅಕ್ಕಿ" ಎಂದು ಹಾಕುತ್ತಿದ್ದೆ. ಅದರೊಳಗಿನ ಕೋಷ್ಟಕ ಹಸಿ ಅಕ್ಕಿಯದು. ಆ ಲೆಕ್ಕದಲ್ಲಿ ಅಕ್ಕಿಯನ್ನು ಯಾರೂ ತೊಳೆಯುವುದಿಲ್ಲ, ಯಾರೂ ಗಂಜಿ ಬಸಿಯುವುದಿಲ್ಲ.

ಉಳಿದ ಅನ್ನ ತೂಗುತ್ತಿದ್ದೆ. ಅತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರು. ತೊಟ್ಟಿಲ ಹಗ್ಗ ಅಲ್ಲಾಡಿದ್ದು ಕಂಡು ಕೂಸು ಎದ್ದಿದೆ ಎಂದು ಬಗ್ಗಿ ನೋಡಿದೆ. ಕೂಸು ಅಳುತ್ತಿತ್ತು. ಬಾಯಿ ಪೂರ್ತಿ ತೆರೆದಿತ್ತು, ಕಣ್ಣು ಬಿಗಿದಿತ್ತು, ಕೈಕಾಲು ಬಡಿಯುತ್ತಿತ್ತು, ಮುಖ ಕೆಂಪಗೆ ಕಂದುತ್ತಿತ್ತು. ಸದ್ದು ಇರಲಿಲ್ಲ. ಬಾಗಿಲಾಚೆ ನಿಂತು ನೋಡಿದ ಹಾಗೆ, ಅಳು ಇಡಿಯಾಗಿ ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಅತ್ತೆ ತಿರುಗಿರಲೇ ಇಲ್ಲ. ತೊಟ್ಟಿಲ ಕಡೆ ಬೆನ್ನಿತ್ತು. ಆದರೂ ಕೈಯಲ್ಲಿದ್ದ ಮುದ್ದೆಕೋಲು ನಿಂತಿತು. ಆ ಮೌನವನ್ನು ಅವರು ಎರಡು ಸಲ ಕೇಳಿದ್ದರು.

"ಬಂತು," ಅಂದರು.

ಆಮೇಲೆ ಎಲ್ಲವೂ ಒಟ್ಟಿಗೇ ಆಯಿತು. ಸೊಸೆ ಕೂಸನ್ನೆತ್ತಿ ರವಿಕೆಗೆ ಕೈ ಹಾಕಿದಳು. ಅತ್ತೆ ಕಸಿದುಕೊಂಡರು. "ಎದೆಗ್ ಆಕ್ಬ್ಯಾಡ. ನಿನ್ ಕಾಲ್ ಇಡ್ಕತೀನಿ, ಆಕ್ಬ್ಯಾಡ." ಸೊಸೆ ನನ್ನನ್ನು ನೋಡಿದಳು. ಹಾಲು ಚೆನ್ನಾಗಿದೆ ಎಂದು ಹೇಳಿದ್ದವಳು ನಾನು. ಏನೇ ಕಾಯಿಲೆ ಬಂದರೂ ಎದೆಹಾಲು ನಿಲ್ಲಿಸಬೇಡಿ ಎಂದು ಊರೂರಿನಲ್ಲಿ ಹೇಳಿಕೊಂಡು ಬಂದವಳೂ ನಾನೇ. ಕೂಸಿನ ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳುತ್ತಿದ್ದವು. ಅದು ಹಾಲು ಕುಡಿಯುವ ಸ್ಥಿತಿಯಲ್ಲೂ ಇರಲಿಲ್ಲ. ಹೊರಡೋಣ ಎಂದಷ್ಟೇ ಹೇಳಿದೆ. ತಕ್ಕಡಿ, ಡಬ್ಬ ಎಲ್ಲ ಅಲ್ಲೇ ಬಿಟ್ಟೆ.

ಮಗ ಡೈರಿಯಿಂದ ವಾಪಸ್ಸು ಬಂದಿದ್ದ. ಖಾಲಿ ಕ್ಯಾನುಗಳನ್ನು ಬೀದಿಗೆ ಉರುಳಿಸಿ ನಮ್ಮನ್ನು ಹತ್ತಿಸಿಕೊಂಡ. ಅತ್ತೆ ಕೂಸಿನ ಜೊತೆ ಮುಂದೆ ಅವನ ಪಕ್ಕ. ನಾನು, ಸೊಸೆ ಹಿಂದೆ ತಗಡಿನ ಮೇಲೆ. ಹಾಲು ತುಂಬಿ ಅವಳ ರವಿಕೆಯೆಲ್ಲ ಒದ್ದೆಯಾಗಿತ್ತು. ಅವಳು ಎರಡೂ ಕೈ ಕಟ್ಟಿ ಎದೆಯನ್ನು ಅದುಮಿಕೊಂಡು, ಯಾರಿಗೋ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು. ನಾಲೆಯ ನೀರು ರಸ್ತೆಯ ಪಕ್ಕದಲ್ಲೇ ನಮ್ಮ ಜೊತೆ ಬರುತ್ತಿತ್ತು.

ಆ ಕುಲುಕಾಟದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಕೂಸಲ್ಲ, ಕರು. ಎಣ್ಣೆ ಸವರಿದಂಥ ಮೈ. ಒಂದೇ ಅಕ್ಕಿ. ಬಿಳಿ ಭಾಗ ಸೊಸೆಗೆ, ತೊಳೆದ ನೀರು, ಬಸಿದ ಗಂಜಿ, ತೌಡು ಕರುವಿಗೆ. ಆಗ ನೆನಪಾಯಿತು. ಬಹಳ ಹಿಂದೆ ಪಾಠದಲ್ಲಿ ಒಂದು ಪ್ಯಾರಾ ಇತ್ತು. ತೌಡಿನಲ್ಲಿ ಇರುವ ಬಿ ಒಂದು ಎಂಬ ಜೀವಸತ್ವ ನೀರಿನಲ್ಲಿ ಕರಗಿ ಹೋಗುತ್ತದೆ, ಉಳಿದದ್ದನ್ನೂ ಎಲೆ ಅಡಿಕೆ ಕೆಡಿಸುತ್ತದೆ. ತಾಯಿಗೆ ಅದು ಸಿಗದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಮೂರನೇ ತಿಂಗಳ ಆಸುಪಾಸಿನಲ್ಲಿ ಕೂಸಿನ ಗಂಟಲ ನರ ಸೋತು ದನಿ ಹೋಗುತ್ತದೆ, ಆಮೇಲೆ ಹೃದಯ ಸೋಲುತ್ತದೆ. ಬೆರಿಬೆರಿ. ಇದು ಈಗೆಲ್ಲಿದೆ, ಪರೀಕ್ಷೆಗೆ ಓದಿಕೊಳ್ಳಿ ಸಾಕು ಎಂದು ಮೇಷ್ಟರು ಪುಟ ತಿರುಗಿಸಿದ್ದರು. ತಾಯಿಯ ಕಾಲಿನ ಜೋಮು ಕೂಡ ಅದೇ ಪ್ಯಾರಾದಲ್ಲಿತ್ತು.

ಮೈಸೂರಿನಲ್ಲಿದ್ದ ನಮ್ಮ ಅಧ್ಯಯನದ ಮುಖ್ಯಸ್ಥರಿಗೆ ಫೋನು ಮಾಡಿದೆ. ಗಾಳಿಯ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು, ನಾನು ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಅವರು ಸಮಾಧಾನದಿಂದ ಕೇಳಿಕೊಂಡರು. ನಾವು ಡಾಕ್ಟರಲ್ಲ, ಅದು ನೆನಪಿರಲಿ ಎಂದರು. ಆದರೆ ನಿಮ್ಮ ಅನುಮಾನ ನಿಜವಾಗಿದ್ದರೆ, ಔಷಧಿಗೆ ಮುಂಚೆ ಕೂಸಿನ ರಕ್ತ ತೆಗೆಸಿ ಇಡಿ, ಔಷಧಿ ಮೈಗೆ ಹೋದ ಮೇಲೆ ಗುರುತೇ ಸಿಗುವುದಿಲ್ಲ, ರಕ್ತ ಇಲ್ಲದೆ ಹೋದರೆ ಮುಂದೆ ಯಾರೂ ನಂಬುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ.

ಹಾಸನದ ಮಕ್ಕಳ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಡಾಕ್ಟರು ನಡುವಯಸ್ಸಿನವರು, ಆತುರವಿಲ್ಲದ ಮನುಷ್ಯ. ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಹೊಟ್ಟೆ ಮುಟ್ಟಿ, ಎಕ್ಸ್‌ರೇ ತೆಗೆಸಿದರು. ಹೃದಯ ಊದಿದೆ, ಲಿವರು ದೊಡ್ಡದಾಗಿದೆ ಎಂದರು. ಹುಟ್ಟಿನಿಂದ ಬಂದ ಹೃದಯದ ತೊಂದರೆ ಇರಬಹುದು, ಬೆಂಗಳೂರಿಗೆ ಕಳಿಸಬೇಕು, ಆದರೆ ದಾರಿ ತಡೆಯುತ್ತದೋ ಇಲ್ಲವೋ ಹೇಳಲಾರೆ ಎಂದು ಮಗನಿಗೆ ಮೆಲ್ಲಗೆ ಹೇಳಿದರು. ನರ್ಸು ಗ್ಲೂಕೋಸಿನ ಬಾಟಲಿ ತಂದು ಕಂಬಕ್ಕೆ ಸಿಕ್ಕಿಸಿದಳು.

ನಾನು ಗೋಡೆಗೆ ಆನಿಕೊಂಡು ನಿಂತಿದ್ದೆ. ಆ ಪ್ಯಾರಾದ ಕೊನೆಯ ಸಾಲು ಅದೇ ಆಗಿತ್ತು. ಬಿ ಒಂದು ಇಲ್ಲದ ಮೈಗೆ ಬರೀ ಗ್ಲೂಕೋಸು ಹೋದರೆ ಹೃದಯ ಇನ್ನೂ ಬೇಗ ಸೋಲುತ್ತದೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ತಪ್ಪಾಗಿದ್ದರೆ? ನರ್ಸು ಕೂಸಿನ ಕೈಯಲ್ಲಿ ನರ ಹುಡುಕುತ್ತಿದ್ದಳು.

"ಸಾರ್, ಗ್ಲೂಕೋಸ್ ಹಾಕೋ ಮುಂಚೆ ಒಂದು ಮಾತು."

ನೀವು ಯಾರು ಎಂದರು. ಹಾಲು ಅಳೆಯುವವಳು ಸಾರ್ ಎಂದೆ. ಆಮೇಲೆ ಹೇಗೆ ಮಾತಾಡಿದೆನೋ ಕಾಣೆ. ಅಕ್ಕಿ, ತೊಳೆದ ನೀರು, ಗಂಜಿ, ಎಲೆ ಅಡಿಕೆ, ಹಿಂದಿನ ಎರಡು ಕೂಸು, ದನಿ ಹೋದದ್ದು, ಔಷಧಿಗೆ ಮುಂಚೆ ರಕ್ತ ಬೇಕೆಂದದ್ದು. ಸಾಲು ಸರಿಯಾಗಿ ಬಂದಿರಲಾರದು. ಅವರು ನರ್ಸಿಗೆ ಕೈ ತೋರಿಸಿ ನಿಲ್ಲಿಸಿದ್ದರು.

"ಓದಿದ್ದೀನಿ. ನೋಡಿಲ್ಲ," ಅಂದರು.

ಕೂಸನ್ನು ಬಿಟ್ಟು ತಾಯಿಯ ಕಡೆ ಬಂದರು. ಅವಳನ್ನು ಎತ್ತರದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂರಿಸಿದರು. ರಬ್ಬರಿನ ಸಣ್ಣ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದರು. ಒಳ್ಳೆಯ ಕಾಲಾದರೆ ತಾನಾಗಿಯೇ ಎಗರಬೇಕು. ಅವಳ ಕಾಲು ಬಟ್ಟೆಯ ಕಾಲಿನ ಹಾಗೆ ತೂಗಿಕೊಂಡೇ ಇತ್ತು. ಇನ್ನೊಂದು ಮಂಡಿಗೂ ತಟ್ಟಿದರು. ಅದೂ ಹಾಗೆಯೇ.

ಕೊಟ್ಟು ತಪ್ಪಾದರೆ ಅಷ್ಟೇನೂ ಕೆಡುಕಿಲ್ಲ, ಕೊಡದೆ ತಪ್ಪಾದರೆ ಕೂಸು ಉಳಿಯುವುದಿಲ್ಲ ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿ, ಬಿ ಒಂದರ ಇಂಜೆಕ್ಷನ್ ತರಿಸಿದರು. ಅಷ್ಟರಲ್ಲಿ ನರ್ಸು ಒಂದು ನರ ಹಿಡಿದಿದ್ದಳು. ಸೂಜಿಯ ಹಿಂದೆ ಒಂದು ಎಳೆ ರಕ್ತ ಬಂದು ನಿಂತಿತು. ಸೂಜಿ ಅಲ್ಲಾಡಿದರೆ ನರ ಹೋಗುತ್ತದೆ ಎಂದಳು. ಸ್ಯಾಂಪಲ್ ಬೇಕಿತ್ತಲ್ಲ ನಿಮಗೆ, ಪ್ರಯತ್ನ ಮಾಡಲಾ ಎಂದು ಡಾಕ್ಟರು ನನ್ನ ಕಡೆ ನೋಡಿದರು. ಕೂಸಿನ ತುಟಿಯ ಸುತ್ತ ನೀಲಿ ಏರಿತ್ತು.

"ಬೇಡ ಸಾರ್. ಔಷಧಿ ಹೋಗಲಿ," ಎಂದೆ.

ಹಾಗಾಗಿ ಆ ಕೂಸಿನ ಕಾಯಿಲೆಗೆ ಕಾಗದದ ಮೇಲೆ ಪ್ರಮಾಣ ಇಲ್ಲ. ನಮ್ಮ ವರದಿಯಲ್ಲಿ ಅದಕ್ಕೆ ಅಡಿಟಿಪ್ಪಣಿಯಷ್ಟು ಜಾಗವೂ ಸಿಗಲಿಲ್ಲ. ಮುಖ್ಯಸ್ಥರು ಬೈಯಲಿಲ್ಲ, ಆದರೆ ಬಹಳ ದಿನ ಆ ಮಾತು ಎತ್ತಲೂ ಇಲ್ಲ.

ಮಧ್ಯಾಹ್ನ ಇಳಿಯಿತು. ಪಕ್ಕೆಗಳ ಎಳೆತ ಮೊದಲು ನಿಧಾನವಾಯಿತು. ಸುಳ್ಳೇನೋ ಎಂದು ನಾನು ಕಣ್ಣು ತೆಗೆದು ಮತ್ತೆ ನೋಡಿದೆ. ತುಟಿಯ ನೀಲಿ ಕರಗಿತು. ಸಂಜೆ ದೀಪ ಹಾಕುವ ಹೊತ್ತಿಗೆ ಕೂಸು ಕಣ್ಣು ಬಿಟ್ಟು ತುಟಿ ಚೀಪತೊಡಗಿತು. ಡಾಕ್ಟರು ಬಂದು, ಎದೆ ನೋಡಿ ಹೋದರು. ಆಮೇಲೆ ಮತ್ತೆ ಬಂದು, ತಾಯಿಗೂ ಅದೇ ಇಂಜೆಕ್ಷನ್ ಕೊಡಿಸಿ, ಮನೆಯವರನ್ನು ಕರೆದು ಹೇಳಿದರು: ಅಕ್ಕಿ ಅಷ್ಟು ತೊಳೆಯಬೇಡಿ, ಗಂಜಿ ಚೆಲ್ಲಬೇಡಿ, ಬೇಳೆ, ಸೊಪ್ಪು, ಮುದ್ದೆ ಎಲ್ಲ ಕೊಡಿ, ಎದೆಹಾಲು ಕುಡಿಸಿ. ಅತ್ತೆಯೇ ಕೂಸನ್ನು ಎತ್ತಿ ಸೊಸೆಯ ಮಡಿಲಿಗೆ ಹಾಕಿದರು. ಬೆಳಗ್ಗೆ ಕಸಿದುಕೊಂಡ ಕೈಗಳೇ.

ಆಮೇಲೆ ಅವರು ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತರು. ಅವರ ಅಂಗೈಗಳು ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿದ್ದವು.

"ಅಂಗಾರೆ ಮೊದಲ್ನೆರಡೂವೆ?"

ನನಗೆ ಗೊತ್ತಿತ್ತು. ಅವರಿಗೂ ಗೊತ್ತಾಗಿತ್ತು, ಇಲ್ಲದಿದ್ದರೆ ಕೇಳುತ್ತಿರಲಿಲ್ಲ. ನನ್ನ ಹಣೆಯ ಮೇಲೆ ಎಂದಿನಂತೆ ಬೆಳಗ್ಗೆ ಅವರು ಹಚ್ಚಿದ ವಿಭೂತಿ ಇನ್ನೂ ಇದ್ದಿರಬೇಕು. ಇಲ್ಲ ಅಕ್ಕ, ಅವಕ್ಕೆ ಬೇರೆ ಏನೋ ಆಗಿತ್ತು ಎಂದುಬಿಡಬಹುದಿತ್ತು. ಆದರೆ ನಾಳೆ ಅವರು ಮತ್ತೆ ಗಂಜಿ ಬಸಿದರೆ?

"ಅವನ್ನ ನಾನು ನೋಡಿಲ್ಲ ಅಕ್ಕ. ಇದರ ಹಾಗೇ ಇದ್ದಿರಬಹುದು," ಎಂದೆ.

ಅವರು ಅಳಲಿಲ್ಲ. ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡರು. ಬಂದು ಕೂತರು. ಮತ್ತೆ ಎದ್ದು ಹೋಗಿ ತೊಳೆದುಕೊಂಡರು.

ಆಮೇಲೆ ನಮ್ಮ ಕೆಲಸದ ಕ್ರಮ ಬದಲಾಯಿತು. ಅಕ್ಕಿ ಎಂದು ಬರೆಯುವ ಮುಂಚೆ ಹೇಗೆ ತೊಳೆಯುತ್ತೀರಿ, ಬಸಿದ ಗಂಜಿ ಯಾರಿಗೆ ಹಾಕುತ್ತೀರಿ ಎಂದು ಕೇಳಬೇಕು ಎಂದು ಸೇರಿಸಿದೆವು. ಆ ಪ್ರಶ್ನೆ ಹಿಡಿದುಕೊಂಡು ಮುಗಿಸಿದ ಹಳ್ಳಿಗಳಿಗೆ ಮತ್ತೆ ಹೋದೆ. ಬಹಳ ಕಡೆ ಬಾಣಂತಿಯರು ಮುದ್ದೆ, ಸೊಪ್ಪು ಎಲ್ಲ ಉಣ್ಣುತ್ತಿದ್ದರು, ತೊಂದರೆ ಇರಲಿಲ್ಲ. ಆದರೆ ಕೆಲವು ಮನೆಗಳಲ್ಲಿ ಪ್ರಶ್ನೆ ಕೇಳಿದ ಮೇಲೆ ಮಾತು ನಿಲ್ಲುತ್ತಿತ್ತು. ಹೊಳೆನರಸೀಪುರದ ಕಡೆಯ ಒಬ್ಬ ಮುದುಕಿ ಬಸಿಯುವ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ, ನಮ್ಮ ಮನೆಯಲ್ಲೂ ಒಂದು ಹಾಗೇ ದನಿ ಇಲ್ಲದೆ ಹೋಯಿತು ಎಂದಳು. ಚನ್ನರಾಯಪಟ್ಟಣದ ಕಡೆ ಇನ್ನೊಬ್ಬಳು ಏನೂ ಹೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಮನೆಯಲ್ಲಿ ಎಂದು ನಾನು ಲೆಕ್ಕ ಹಾಕಲಿಲ್ಲ. ಹಾಕುವ ಧೈರ್ಯ ಇರಲಿಲ್ಲ.

ಗೊರೂರಿನಾಚೆಯ ಆ ಮನೆಗೆ ತಕ್ಕಡಿ ತರಲು ಹೋಗಿದ್ದೆ, ಆಮೇಲೂ ಹೋಗುತ್ತಿದ್ದೆ. ಕೂಸು ಹುಷಾರಾಯಿತು, ಹಾಲು ಕುಡಿಯಿತು. ಕರಿದಾರ ಮಣಿಕಟ್ಟಿನಲ್ಲಿ ಸಡಿಲವಾಗಿ ತಿರುಗತೊಡಗಿತು. ದನಿ ಮಾತ್ರ ಬೇಗ ಬರಲಿಲ್ಲ. ನರ ಚಿಗುರುವುದಕ್ಕೆ ಹೊತ್ತು ಬೇಕು ಎಂದು ಡಾಕ್ಟರು ಹೇಳಿದ್ದರು. ಅಷ್ಟು ದಿನ ಆ ಮನೆಯಲ್ಲಿ ಕೂಸು ಅತ್ತಾಗಲೆಲ್ಲ ಬರೀ ಬಾಯಿ ತೆರೆಯುತ್ತಿತ್ತು. ಅತ್ತೆ ತೊಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ. ಹೆಸರಿಡುವ ಮಾತನ್ನು ಯಾರೂ ಎತ್ತಲಿಲ್ಲ.

ಒಂದು ಬೆಳಗ್ಗೆ ಏರಿ ಇಳಿಯುವಾಗಲೇ ಆ ಮನೆಯ ಕಡೆಯಿಂದ ಕೂಗು ಕೇಳಿತು. ನನ್ನ ಕಾಲು ನಿಂತಿತು. ಆಶಾ ಕಾರ್ಯಕರ್ತೆ ಕಿವಿಗೊಟ್ಟು ಕೇಳಿ, "ಕರು ಕಣ್ ಮೇಡಮ್ಮ. ಗಂಜಿ ನಿಲ್ಸವ್ರಲ್ಲ, ಅಡುಗೆ ಒತ್ತಾದ್ರೆ ಊರ್ ಕೇಳಂಗೆ ಬಯ್ತದೆ," ಎಂದಳು. ಕೊಟ್ಟಿಗೆಯ ಮುಂದೆ ಹಾದು ಹೋದೆವು. ಕರು ಹಗ್ಗ ಜಗ್ಗಿ ಅರಚುತ್ತಿತ್ತು. ಅದರ ಕೂಗಿನ ಅಡಿಯಲ್ಲಿ ಇನ್ನೊಂದು ದನಿ ಇತ್ತು. ಗರಗರ ಎನ್ನುವ, ಒಡಕು ಕೊಳಲಿನಂಥ ದನಿ.

ಒಳಗೆ ಸೊಸೆ ಮುದ್ದೆ ಮುರಿಯುತ್ತ ಕೂತಿದ್ದವಳು, ಕೈ ತೊಳೆದು ಏಳಲು ಹೊರಟಿದ್ದಳು. ಕೂಸು ತೊಟ್ಟಿಲಲ್ಲಿ ಅಳುತ್ತಿತ್ತು. ಅತ್ತೆ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು. ಹಗ್ಗ ಕೈಗೆ ಎಟುಕುವಂತಿತ್ತು, ಹಿಡಿದಿರಲಿಲ್ಲ. ಎತ್ತಿಕೊಳ್ಳುವುದಿಲ್ಲವೇ ಅಕ್ಕ ಎಂದೆ.

"ಇರ್ಲಿ ಕಣವ್ವ. ಅವೆರಡೂ ಅಳಕ್ಕಾಗ್ದಲೇ ಓದ್ವು. ಮೂರೂ ಕೂಸಿಂದು ಇದೇ ಅಳ್ಲಿ ಬುಡು."